ಬಣ್ಣ ಕಳಚುವ ಹೊತ್ತು

ಕರಾವಳಿಯ ಬಯಲಾಟವನ್ನು ಕಂಡು ಬಂದವರು ಸಾಮಾನ್ಯವಾಗಿ ವರ್ಣಿಸುವುದು ಚೌಕಿಯಲ್ಲಿ ಬಣ್ಣವೇರುವ ಹೊತ್ತನ್ನು. ತೆಂಕುತಿಟ್ಟಿನ ಬಣ್ಣದ ವೇಷಧಾರಿಯೊಬ್ಬನು ಕನ್ನಡಿಯ ಮುಂದೆ ಕುಳಿತು, ಅಕ್ಕಿಹಿಟ್ಟಿಗೆ ಸುಣ್ಣ ಬೆರೆಸಿದ ಚಿಟ್ಟಿಯನ್ನು ಕಡ್ಡಿಯ ತುದಿಯಿಂದ ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಇಡುತ್ತ, ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಇನ್ನೊಂದನ್ನು ಏರಿಸುತ್ತ, ಎರಡು ಮೂರು ಗಂಟೆಗಳ ಕಾಲ ಮಾತಿಲ್ಲದೆ ತನ್ನ ಮುಖವನ್ನು ರಾವಣನ ಮುಖವನ್ನಾಗಿ ಮಾಡಿಕೊಳ್ಳುವ ಆ ನೋಟ ನೋಡತಕ್ಕದ್ದೇ ಸರಿ. ಕ್ಯಾಮೆರಾ ಹಿಡಿದವರೆಲ್ಲ ಮುತ್ತಿಕೊಳ್ಳುವುದು ಆಗಲೇ. ಆದರೆ ಮಂಗಳ ಹಾಡಿದ ಮೇಲೆ, ಪ್ರೇಕ್ಷಕರು ಎದ್ದು ಮನೆಯ ದಾರಿ ಹಿಡಿದ ಮೇಲೆ, ಅದೇ ಚೌಕಿಯಲ್ಲಿ ನಡೆಯುವ ಇನ್ನೊಂದು ಕೆಲಸವನ್ನು ನೋಡಲು ಯಾರೂ ನಿಲ್ಲುವುದಿಲ್ಲ.

ಇರುಳೆಲ್ಲ ಕುಣಿದ ಕಾಲು ಸೋತಿರುತ್ತದೆ, ಕಿರೀಟ ಬಿಗಿದ ಹಣೆ ಸಿಡಿಯುತ್ತಿರುತ್ತದೆ, ಕಣ್ಣು ತೂಗುತ್ತಿರುತ್ತದೆ. ಈಗ ಕಾಲಮಿತಿಯ ಆಟಗಳು ಬಂದು ಅನೇಕ ಕಡೆ ನಡುರಾತ್ರಿಗೇ ಮಂಗಳವಾಗುವುದುಂಟು. ಬೆಳಗಿನವರೆಗೆ ಆಡುವ ಆಟಗಳೂ ಉಂಟು. ಹೊತ್ತು ಯಾವುದೇ ಆಗಿರಲಿ, ವೇಷ ಬಿಚ್ಚಿದವನು ಹಾಗೆಯೇ ಚಾಪೆಗೆ ಒರಗುವುದಿಲ್ಲ. ಗಟ್ಟಿಯಾಗಿ ಕುಳಿತ ಚಿಟ್ಟಿಯನ್ನು ಬೆರಳಿನಿಂದ ಮೆಲ್ಲನೆ ಬಿಡಿಸಿ, ಅಂಗೈ ತುಂಬ ತೆಂಗಿನೆಣ್ಣೆ ಸುರಿದುಕೊಂಡು ಹಣೆ, ಕೆನ್ನೆ, ಗದ್ದಗಳಿಗೆ ತಿಕ್ಕುತ್ತಾನೆ. ಕೆಂಪು ಕಪ್ಪಿನೊಡನೆ, ಕಪ್ಪು ಹಳದಿಯೊಡನೆ ಕಲಸಿ, ಒಂದು ಗಳಿಗೆ ಆ ಮುಖ ರಾವಣನದೂ ಅಲ್ಲ, ಮನುಷ್ಯನದೂ ಅಲ್ಲ ಎನ್ನುವಂತಾಗುತ್ತದೆ. ಬಟ್ಟೆಯಲ್ಲಿ ಒರಸಿ, ನೀರಿನಲ್ಲಿ ತೊಳೆದು, ಆಮೇಲೆ ನಿದ್ದೆ. ಮರುದಿನ ಅದೇ ಮುಖಕ್ಕೆ ಅದೇ ಸುಣ್ಣ, ಅದೇ ಬಣ್ಣ ಮತ್ತೆ ಏರಬೇಕು. ದೀಪಾವಳಿ ಕಳೆದ ಮೇಲೆ ಹೊರಟ ಮೇಳ ಪತ್ತನಾಜೆಯವರೆಗೆ, ಎಂದರೆ ಮೇ ತಿಂಗಳ ಕೊನೆಯವರೆಗೆ, ತಿರುಗುತ್ತಲೇ ಇರುತ್ತದೆ. ಮುಖವೇ ಬಂಡವಾಳವಾದವನಿಗೆ ಬಣ್ಣ ಹಚ್ಚುವುದು ಎಷ್ಟು ವಿದ್ಯೆಯೋ ತೆಗೆಯುವುದೂ ಅಷ್ಟೇ ವಿದ್ಯೆ.

ನಗರದ ಮನೆಗಳಲ್ಲಿ ಹಚ್ಚುವ ವಿದ್ಯೆ ಬಹಳ ಬೆಳೆದಿದೆ. ತೆಗೆಯುವ ವಿದ್ಯೆ ಅದರ ಜೊತೆಗೆ ಬೆಳೆದಂತೆ ಕಾಣುವುದಿಲ್ಲ.

ಬೆಂಗಳೂರಿನ ಒಂದು ಮನೆಯನ್ನು ನೆನೆದುಕೊಳ್ಳಬಹುದು. ಬಹುಮಟ್ಟಿಗೆ ಎಲ್ಲ ಮನೆಗಳೂ ಹಾಗೆಯೇ. ಹತ್ತಿರದ ನೆಂಟರ ಆರತಕ್ಷತೆ. ಮಧ್ಯಾಹ್ನವೇ ಬ್ಯೂಟಿ ಪಾರ್ಲರಿಗೆ ಹೋಗಿ ಬಂದ ಸೊಸೆಯ ಮುಖದಲ್ಲಿ ಫೌಂಡೇಶನ್ ಒಂದು ಪದರ, ಅದರ ಮೇಲೆ ಪೌಡರು, ಕೆನ್ನೆಗೆ ಕೆಂಪು, ರೆಪ್ಪೆಗೆ ನೀರಿಗೆ ಕರಗದ ಮಸ್ಕಾರಾ, ಕಣ್ಣಿನಂಚಿಗೆ ಕಾಜಲ್, ತುಟಿಗೆ ಊಟ ಮಾಡಿದರೂ ಅಳಿಸದ ಬಣ್ಣ. ಛತ್ರದಲ್ಲಿ ಅವಳನ್ನು ಹೊಗಳದವರಿಲ್ಲ. ಊಟ ಮುಗಿಸಿ, ತಾಂಬೂಲ ತೆಗೆದುಕೊಂಡು, ಸಂಚಾರದ ನಡುವೆ ಹಾದು ಮನೆ ಸೇರುವಾಗ ಹನ್ನೊಂದೂವರೆ. ಮಗು ಹೆಗಲ ಮೇಲೆಯೇ ನಿದ್ದೆ ಹೋಗಿದೆ.

"ಮುಖ ತೊಳ್ಕೊಂಡು ಮಲಗಮ್ಮ, ಎಷ್ಟೊಂದು ಬಳಿದುಬಿಟ್ಟಿದ್ದಾರೆ" ಎಂದರು ಅತ್ತೆ.

"ಬೆಳಿಗ್ಗೆ ತೊಳ್ಕೋತೀನಿ ಅತ್ತೆ, ನಿಂತಲ್ಲೇ ನಿದ್ದೆ ಬರ್ತಿದೆ" ಎಂದಳು ಸೊಸೆ.

ಹಾಗೆಂದವಳು ಕೂಡಲೇ ಮಲಗಿದಳೆಂದು ತಿಳಿಯಬಾರದು. ಮಗುವಿನ ಬಟ್ಟೆ ಬದಲಿಸಿ ಮಲಗಿಸಿದಳು. ಹಾಲು ಕಾಯಿಸಿ ಹೆಪ್ಪು ಹಾಕಿದಳು. ಬೆಳಗಿನ ಪಲ್ಯಕ್ಕೆ ಹೆಸರುಕಾಳು ನೆನೆಯಿಟ್ಟಳು. ಒಡವೆಗಳನ್ನು ಬಿಚ್ಚಿ, ಎಣಿಸಿ, ಬೀರುವಿನಲ್ಲಿಟ್ಟಳು. ರೇಷ್ಮೆ ಸೀರೆಯನ್ನು ನೆರಳಿನಲ್ಲಿ ಹರವಿದಳು. ಗ್ಯಾಸು ನಿಲ್ಲಿಸಿದೆಯೋ ಬಾಗಿಲು ಹಾಕಿದೆಯೋ ಎಂದು ನೋಡಿ ಬಂದಳು. ಸೀರೆಗೆ ಸಿಕ್ಕ ಉಪಚಾರ ಮುಖಕ್ಕೆ ಸಿಕ್ಕಲಿಲ್ಲ. ಬೆಳಿಗ್ಗೆ ನೋಡಿದರೆ ದಿಂಬಿನ ಮೇಲೆ ಇನ್ನೊಂದು ಮುಖ ಅಚ್ಚಾಗಿತ್ತು. ಎಡಗಣ್ಣು ಕೆಂಪಾಗಿ, ರೆಪ್ಪೆಗಳು ಒಂದಕ್ಕೊಂದು ಅಂಟಿದ್ದವು.

ಒಂದೇ ಒಂದು ರಾತ್ರಿ ಹೀಗಾದರೆ ಏನು ಕೆಡುತ್ತದೆ? ನಿಜ ಹೇಳಬೇಕಾದರೆ, ಹೆಚ್ಚೇನೂ ಕೆಡುವುದಿಲ್ಲ. ಸೌಂದರ್ಯದ ಅಂಕಣಗಳಲ್ಲಿ ಬರುವ ಬೆದರಿಕೆಗಳಲ್ಲಿ ಅರ್ಧದಷ್ಟು ಉತ್ಪ್ರೇಕ್ಷೆ. "ಚರ್ಮ ರಾತ್ರಿ ಉಸಿರಾಡುತ್ತದೆ, ಬಣ್ಣವಿದ್ದರೆ ಉಸಿರು ಕಟ್ಟುತ್ತದೆ" ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಉಸಿರಾಡುವುದು ಶ್ವಾಸಕೋಶ. ಚರ್ಮದ ತೀರ ಮೇಲಿನ ಪದರ ಗಾಳಿಯಿಂದ ಅಲ್ಪಸ್ವಲ್ಪ ಆಮ್ಲಜನಕವನ್ನು ಪಡೆಯುವುದು ದಿಟವಾದರೂ, ಒಂದು ರಾತ್ರಿಯ ಪೌಡರಿನಿಂದ ಅದು ಉಸಿರು ಕಟ್ಟಿ ಸಾಯುವುದಿಲ್ಲ. ಬೆಳಗಾಗುವಷ್ಟರಲ್ಲಿ ಮುಖಕ್ಕೆ ಮುಪ್ಪು ಬರುವುದೂ ಇಲ್ಲ.

ಕೆಡುಕು ಇರುವುದು ಬೇರೆ ಕಡೆ, ಮತ್ತು ಅದು ನಿಧಾನವಾದದ್ದು. ಚರ್ಮದ ಹೊರಪದರವೆಂದರೆ ಹಂಚಿನ ಮಾಡಿದ್ದಂತೆ. ಸತ್ತು ಚಪ್ಪಟೆಯಾದ ಕಣಗಳು ಒಂದರ ಮೇಲೊಂದು ಹೊದೆದು ಕುಳಿತಿರುತ್ತವೆ. ಕೆಳಗೆ ಹುಟ್ಟಿದ ಕಣವೊಂದು ಮೇಲಕ್ಕೆ ಬಂದು ಉದುರಿಹೋಗಲು ಹೆಚ್ಚು ಕಡಮೆ ನಾಲ್ಕು ವಾರ ಬೇಕು. ಈ ಮಾಡಿನ ನಡುವೆ ಅಲ್ಲಲ್ಲಿ ಕೂದಲಿನ ಸಣ್ಣ ಬಾವಿಗಳು; ಆ ಬಾವಿಗಳಿಗೆ ಜಿಡ್ಡು ಸುರಿಸುವ ಗ್ರಂಥಿಗಳು. ಮುಖದ ಮೇಲೆ ಇವು ಚದರ ಸೆಂಟಿಮೀಟರಿಗೆ ನೂರಾರು. ಒಳಗಿನ ಜಿಡ್ಡು ಹೊರಕ್ಕೆ ಹರಿದುಬರುತ್ತಿರುವ ತನಕ ಎಲ್ಲವೂ ಸರಿ. ಬಾವಿಯ ಒಳಗೋಡೆಯ ಕಣಗಳು ಉದುರಿ ಹೋಗದೆ ಜಿಡ್ಡಿನೊಡನೆ ಕಲಸಿ ಗಟ್ಟಿಯಾದರೆ ಅಲ್ಲೊಂದು ಬಿರಡೆ ಕೂರುತ್ತದೆ. ಕಪ್ಪು ತಲೆ, ಬಿಳಿ ತಲೆ ಎಂದು ಜನ ಕರೆಯುವುದು ಅದನ್ನೇ. ಅದು ಕೆರಳಿದರೆ ಮೊಡವೆ.

ಹಚ್ಚಿಕೊಳ್ಳುವ ವಸ್ತುಗಳು ಈ ಬಿರಡೆಗೆ ಕಾರಣವಾಗಬಲ್ಲವೆಂದು ತೋರಿಸಿ, ಆ ಬಗೆಯ ಮೊಡವೆಗೆ ಪ್ರತ್ಯೇಕವಾದ ಹೆಸರನ್ನೇ ಕೊಟ್ಟವರು ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಅವರ ಸಹೋದ್ಯೋಗಿ ಓಟೋ ಮಿಲ್ಸ್. ಅದು 1972ರ ಮಾತು. ಮೊಲಗಳ ಕಿವಿಗೆ ಕ್ರೀಮುಗಳನ್ನು ಹಚ್ಚಿ ಯಾವುದರಿಂದ ಬಿರಡೆಗಳು ಏಳುತ್ತವೆಂದು ಅವರು ನೋಡಿದರು. ಮೊಲದ ಕಿವಿ ಮನುಷ್ಯನ ಮುಖಕ್ಕಿಂತ ಬಹಳ ಸೂಕ್ಷ್ಮವಾದದ್ದರಿಂದ ಆ ಪರೀಕ್ಷೆಯ ತೀರ್ಪುಗಳನ್ನೆಲ್ಲ ಈಗ ಹಾಗೆಯೇ ಒಪ್ಪುವುದಿಲ್ಲ. ಆದರೆ ಅವರು ಕಂಡ ಒಂದು ಸಂಗತಿ ಇಂದಿಗೂ ನಿಂತಿದೆ: ಈ ಮೊಡವೆ ಹದಿಹರೆಯದವರಿಗಿಂತ ಹೆಚ್ಚಾಗಿ ಇಪ್ಪತ್ತೈದು ದಾಟಿದ ಹೆಂಗಸರಲ್ಲಿ, ಗಲ್ಲ ಗದ್ದಗಳ ಮೇಲೆ, ಸಣ್ಣ ಸಣ್ಣ ಗಂಟುಗಳಾಗಿ ಏಳುತ್ತದೆ, ಏಳಲು ವಾರಗಳೇಕೆ, ತಿಂಗಳುಗಳೇ ಹಿಡಿಯುತ್ತವೆ. ಆದ್ದರಿಂದಲೇ ಯಾರಿಗೂ ಅನುಮಾನ ಬರುವುದಿಲ್ಲ. ಇಂದು ಹಚ್ಚಿದ್ದಕ್ಕೆ ಇಂದೇ ಶಿಕ್ಷೆಯಾದರೆ ಎಲ್ಲರೂ ಎಚ್ಚರವಾಗಿರುತ್ತಿದ್ದರು. ಶಿಕ್ಷೆ ಮೂರು ತಿಂಗಳ ಮೇಲೆ ಬಂದಾಗ ಗೃಹಿಣಿ ಏನು ಮಾಡುತ್ತಾಳೆ? ಆ ಗಂಟುಗಳನ್ನು ಮುಚ್ಚಲು ಇನ್ನೊಂದು ಪದರ ಹಚ್ಚುತ್ತಾಳೆ. ಅದನ್ನೂ ತೆಗೆಯದೆ ಮಲಗುತ್ತಾಳೆ. ಈ ಚಕ್ರ ಹೀಗೆಯೇ ಉರುಳುತ್ತದೆ.

ರಾತ್ರಿಯ ಎಂಟು ಗಂಟೆಗಳೆಂದರೆ ಬಣ್ಣ ಮುಖದ ಮೇಲೆ ಇರುವ ಕಾಲವನ್ನು ಇಮ್ಮಡಿ ಮಾಡುವ ಎಂಟು ಗಂಟೆಗಳು. ಹಗಲು ಬಣ್ಣ ಇಟ್ಟ ಕಡೆಯೇ ಇರುತ್ತದೆ. ರಾತ್ರಿ ಕೆನ್ನೆ ದಿಂಬಿಗೆ ಒತ್ತಿದಾಗ, ಹೊರಳಿದಾಗ, ಬೆವರು ಜಿಡ್ಡುಗಳೊಡನೆ ಸೇರಿ ಅದು ಬಾವಿಗಳೊಳಕ್ಕೂ ಕಣ್ಣಿನೊಳಕ್ಕೂ ಹೋಗಲು ದಾರಿಯಾಗುತ್ತದೆ. ನಗರದ ಹೊಗೆ, ಧೂಳು ಆ ಅಂಟಿನಲ್ಲಿ ಹಗಲೆಲ್ಲ ಸಿಕ್ಕಿಕೊಂಡದ್ದು ಜೊತೆಗೆ. ದಿಂಬಿನ ಚೀಲವನ್ನು ಯಾರೂ ದಿನವೂ ಒಗೆಯುವುದಿಲ್ಲವಾದ್ದರಿಂದ ನಿನ್ನೆಯ ಮುಖ ಇಂದಿನ ಮುಖಕ್ಕೆ ತಗುಲುವುದೂ ಉಂಟು.

ಆದರೆ ಕೆನ್ನೆಯ ಮಾತು ದೊಡ್ಡದಲ್ಲ. ಮೊಡವೆ ಬಂದರೆ ಹೋಗುತ್ತದೆ. ನಿಜವಾಗಿ ಭಯಪಡಬೇಕಾದದ್ದು ಕಣ್ಣಿಗೆ.

ದೇಹದಲ್ಲೆಲ್ಲ ಅತ್ಯಂತ ತೆಳುವಾದ ಚರ್ಮ ಕಣ್ಣಿನ ರೆಪ್ಪೆಯದು. ಆ ರೆಪ್ಪೆಯ ಅಂಚಿನಲ್ಲಿ, ಕೂದಲುಗಳ ಹಿಂಬದಿಗೆ, ಸೂಜಿಯ ಮೊನೆಯಷ್ಟು ಸಣ್ಣ ಬಾಯಿಗಳ ಒಂದು ಸಾಲಿದೆ. ಮೇಲಿನ ರೆಪ್ಪೆಯಲ್ಲಿ ಸುಮಾರು ಮೂವತ್ತು, ಕೆಳಗಿನದರಲ್ಲಿ ಅದಕ್ಕಿಂತ ಸ್ವಲ್ಪ ಕಡಮೆ. ಜರ್ಮನಿಯ ವೈದ್ಯ ಹೈನ್‌ರಿಶ್ ಮೈಬೋಮ್ 1666ರಲ್ಲಿ ಇವುಗಳನ್ನು ವಿವರಿಸಿದ ಕಾರಣ ಇವಕ್ಕೆ ಮೈಬೋಮಿಯನ್ ಗ್ರಂಥಿಗಳೆಂದು ಹೆಸರು. ಕಣ್ಣು ಮಿಟುಕಿಸಿದಾಗಲೆಲ್ಲ ಇವು ಒಂದಿಷ್ಟು ಎಣ್ಣೆಯನ್ನು ಒಸರುತ್ತವೆ. ಕಣ್ಣೀರಿನ ಮೇಲೆ ಆ ಎಣ್ಣೆ ತೆಳ್ಳಗೆ ಹರಡಿ, ನೀರು ಬೇಗ ಆವಿಯಾಗದಂತೆ ಕಾಯುತ್ತದೆ. ಬಾಣಲೆಯ ನೀರಿನ ಮೇಲೆ ಎಣ್ಣೆಯ ತೆಳುಪರೆ ನಿಲ್ಲುವುದಿಲ್ಲವೆ, ಹಾಗೆ. ಈ ಬಾಯಿಗಳು ಮುಚ್ಚಿದರೆ ಕಣ್ಣು ಒಣಗುತ್ತದೆ, ಉರಿಯುತ್ತದೆ, ಮರಳು ಬಿದ್ದಂತೆ ಕಿರಿಕಿರಿಯಾಗುತ್ತದೆ. ರೆಪ್ಪೆಯ ಅಂಚು ಊದಿ ಕಣ್ಣು ಕುಟಿಕೆ ಏಳುವುದೂ ಉಂಟು. ಈಗ ಕಾಜಲ್ ಕಡ್ಡಿಯನ್ನು ಎಳೆಯುವುದೆಲ್ಲಿ? ಸರಿಯಾಗಿ ಈ ಬಾಯಿಗಳ ಮೇಲೆಯೇ. ಕಣ್ಣಿನ ಒಳಂಚಿಗೆ ಎಳೆದ ಗೆರೆ ಸೊಗಸಾಗಿ ಕಾಣುತ್ತದೆಂಬುದು ಸುಳ್ಳಲ್ಲ. ಅದು ಮೇಣ ಎಣ್ಣೆಗಳಲ್ಲಿ ಕಲಸಿದ ಮಸಿಯ ಬಿರಡೆಯೆಂಬುದೂ ಸುಳ್ಳಲ್ಲ. ಹಗಲಿನಲ್ಲಿ ಕಣ್ಣು ಮಿಟುಕಿ ಮಿಟುಕಿ ಅದರ ಬಹುಭಾಗವನ್ನು ಹೊರಹಾಕುತ್ತಿರುತ್ತದೆ. ಸಂಜೆಯ ಹೊತ್ತಿಗೆ ಕಣ್ಣಿನ ಮೂಲೆಯಲ್ಲಿ ಕಪ್ಪು ಸೇರುವುದು ಆ ಕೆಲಸದ ಗುರುತು. ನಿದ್ದೆಯಲ್ಲಿ ಮಿಟುಕುವುದಿಲ್ಲ. ಉಳಿದದ್ದೆಲ್ಲ ಮುಚ್ಚಿದ ರೆಪ್ಪೆಯ ಒಳಗೇ ಉಳಿಯುತ್ತದೆ.

ಇದು ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ 2018ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಿಂದ ವರದಿಯಾದ ಒಂದು ಪ್ರಸಂಗವಿದೆ. ಐವತ್ತು ವಯಸ್ಸಿನ ಮಹಿಳೆಯೊಬ್ಬರು ಕಣ್ಣಿನಲ್ಲಿ ಏನೋ ಚುಚ್ಚಿದಂತಾಗುತ್ತದೆ, ಕಣ್ಣು ಸೋರುತ್ತದೆ ಎಂದು ನೇತ್ರವೈದ್ಯರ ಬಳಿಗೆ ಬಂದರು. ಮೇಲಿನ ರೆಪ್ಪೆಯನ್ನು ಮಗುಚಿ ನೋಡಿದರೆ ಒಳಪೊರೆಯ ಅಡಿಯಲ್ಲಿ ಸಾಲಾಗಿ ಕಪ್ಪು ಹರಳುಗಳು ಹುದುಗಿದ್ದವು. ಇಪ್ಪತ್ತೈದು ವರ್ಷಗಳ ಕಾಲ ದಟ್ಟವಾಗಿ ಹಚ್ಚಿ, ಸರಿಯಾಗಿ ತೆಗೆಯದೆ ಮಲಗಿದ ಮಸ್ಕಾರಾ ಒಳಕ್ಕೆ ಸೇರಿ ಹೀಗೆ ಗಟ್ಟಿಯಾಗಿತ್ತು. ಕೆಲವು ಪೊರೆಯನ್ನು ಹರಿದು ಹೊರಬಂದು ಕಣ್ಣಿನ ಪಾಪೆಯ ಮೇಲ್ಮೈಯನ್ನು ಉಜ್ಜುತ್ತಿದ್ದವು. ಅರಿವಳಿಕೆ ಕೊಟ್ಟು ಒಂದೂವರೆ ಗಂಟೆ ಶಸ್ತ್ರಕ್ರಿಯೆ ಮಾಡಿ ಅವುಗಳನ್ನು ತೆಗೆದರು. ಕಲೆ ಮಾತ್ರ ಶಾಶ್ವತವಾಗಿ ಉಳಿಯಿತು. ಇಂಥದು ಅಪರೂಪ, ಮಸ್ಕಾರಾ ಹಚ್ಚುವವರಿಗೆಲ್ಲ ಹೀಗಾಗುತ್ತದೆಂದು ಹೆದರಿಸಲು ಇದನ್ನು ಹೇಳುತ್ತಿರುವುದಲ್ಲ. ಇಪ್ಪತ್ತೈದು ವರ್ಷವೆಂದರೆ ಒಂಬತ್ತು ಸಾವಿರಕ್ಕೂ ಮೀರಿದ ರಾತ್ರಿಗಳು. ಅವುಗಳಲ್ಲಿ ಬಹುಪಾಲು ರಾತ್ರಿ ಆ ಹೆಂಗಸು "ಬೆಳಿಗ್ಗೆ ತೊಳೆದರಾಯಿತು" ಎಂದಿರಬೇಕು.

ಹಣೆಯ ಮಾತನ್ನೂ ಇಲ್ಲಿಯೇ ಹೇಳಿಬಿಡಬಹುದು. ಬಿಂದಿಯನ್ನು ಬಣ್ಣವೆಂದು ಯಾರೂ ಎಣಿಸುವುದಿಲ್ಲ. ಆದ್ದರಿಂದ ಮುಖ ತೊಳೆಯುವವರೂ ಅದನ್ನು ಹಾಗೆಯೇ ಬಿಟ್ಟು ಸುತ್ತಲೂ ತೊಳೆಯುತ್ತಾರೆ. ಅಂಟಿಸುವ ಬಿಂದಿಗಳ ಗೋಂದಿನಲ್ಲಿ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಎಂಬ ದ್ರವ್ಯವಿದ್ದರೆ ಅದು ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನು ಕೊಲ್ಲಬಲ್ಲದು. ಬಿಂದಿಯ ಅಳತೆಗೆ ಸರಿಯಾಗಿ ಹಣೆಯ ಮೇಲೆ ಬಿಳಿಯ ಮಚ್ಚೆ ಮೂಡಿದವರನ್ನು ಭಾರತದ ಚರ್ಮವೈದ್ಯರು ಬೇಕಾದಷ್ಟು ಕಂಡಿದ್ದಾರೆ. ಅಂಥ ಮಚ್ಚೆ ಕಂಡರೆ ಹಲವರು ಅದನ್ನು ಮುಚ್ಚಲು ದೊಡ್ಡ ಬಿಂದಿ ಇಡುವುದೇ ದುರಂತ. ರಾತ್ರಿ ಕನ್ನಡಿಗೆ ಅಂಟಿಸಿ ಮಲಗುವ ಹಳೆಯ ಅಭ್ಯಾಸ, ಬಿಂದಿ ಉಳಿಸುವ ಲೋಭದಿಂದ ಹುಟ್ಟಿದ್ದಾದರೂ, ಹಣೆಗೆ ಒಳ್ಳೆಯದನ್ನೇ ಮಾಡಿತು. ಕನ್ನಡಿಯ ಅಂದ ಕೆಟ್ಟಿತು, ಅಷ್ಟೆ.

ಬಣ್ಣವೇ ವಿಷವಾಗಿದ್ದ ಕಾಲವೂ ಒಂದಿತ್ತು. ಯಕ್ಷಗಾನದ ಹಳೆಯ ಬಣ್ಣಗಳಲ್ಲಿ ಹಳದಿಗೆ ಬಳಸುತ್ತಿದ್ದ ಅರದಾಳ ಪಾಷಾಣದ ಸಂಯುಕ್ತ. ಕೆಂಪಿಗೆ ಬಳಸುತ್ತಿದ್ದ ಇಂಗಳೀಕ ಪಾದರಸದ ಸಂಯುಕ್ತ. ಎರಡೂ ನೀರಿನಲ್ಲಿ ಸುಲಭವಾಗಿ ಕರಗುವಂಥವಲ್ಲವೆಂಬುದು ಆ ಕಲಾವಿದರ ಪುಣ್ಯ. ಎಣ್ಣೆ ಹಚ್ಚಿ ಚೆನ್ನಾಗಿ ತೆಗೆದು ಮಲಗುವ ಪದ್ಧತಿಯ ಬೆಲೆ ಅಂಥ ಬಣ್ಣವಿದ್ದಾಗ ಇನ್ನೂ ಹೆಚ್ಚು. ಜಪಾನಿನ ಕಬುಕಿ ನಟರಿಗೆ ಅಂಥ ಅದೃಷ್ಟವಿರಲಿಲ್ಲ. ಅವರು ಮುಖ, ಕತ್ತು, ಎದೆಗಳಿಗೆ ದಪ್ಪನಾಗಿ ಬಳಿಯುತ್ತಿದ್ದ ಬಿಳಿ ಸೀಸದ್ದು. 1887ರಲ್ಲಿ ಚಕ್ರವರ್ತಿಯ ಸಮ್ಮುಖದಲ್ಲಿ ನಡೆದ ಆಟದಲ್ಲಿ ಪ್ರಸಿದ್ಧ ನಟ ನಾಕಾಮುರಾ ಫುಕುಸುಕೆಯ ಕಾಲು ರಂಗದ ಮೇಲೆಯೇ ನಡುಗತೊಡಗಿತು. ಸೀಸದ ವಿಷವೆಂದು ವೈದ್ಯರು ಹೇಳಿದರು. ಆ ಸುದ್ದಿಯಿಂದ ದೇಶವೇ ಎಚ್ಚೆತ್ತು ಸೀಸವಿಲ್ಲದ ಬಿಳಿಯನ್ನು ಹುಡುಕತೊಡಗಿತು. ಆದರೂ ಸೀಸದ ಬಿಳಿ ಅಲ್ಲಿಯ ಅಂಗಡಿಗಳಿಂದ ಪೂರ್ತಿ ಹೋಗಲು 1930ರ ದಶಕ ಬರಬೇಕಾಯಿತು. ಯುರೋಪಿನಲ್ಲಿ ಲುಡ್ವಿಗ್ ಲೈಷ್ನರ್ ಎಂಬ ಸಂಗೀತನಾಟಕದ ಗಾಯಕ 1873ರಲ್ಲಿ ಬರ್ಲಿನ್ನಿನಲ್ಲಿ ಕೊಬ್ಬಿನಲ್ಲಿ ಕಲಸಿದ, ಸೀಸವಿಲ್ಲದ ಬಣ್ಣದ ಕಡ್ಡಿಗಳನ್ನು ಮಾಡಿ ಮಾರಲಾರಂಭಿಸಿದ್ದ. ರಂಗದ ಕಷ್ಟ ರಂಗದವನಿಗೇ ತಿಳಿಯುವುದು ಸಹಜ.

ಬಣ್ಣ ಕೊಡಲು ಸೀಸ ಅಥವಾ ಪಾಷಾಣದ ಸಂಯುಕ್ತಗಳನ್ನು ಬಳಸಿದ ಪ್ರಸಾಧನಗಳಿಗೆ ಭಾರತದ ನಿಯಮಗಳಲ್ಲಿ ನಿಷೇಧವಿದೆ. ಆದ್ದರಿಂದ ಹೆಸರುಳ್ಳ ಅಂಗಡಿಯಲ್ಲಿ ಕೊಂಡ ಬಣ್ಣವನ್ನು ಕಂಡು ವಿಷವೆಂದು ನಡುಗುವ ಕಾರಣವಿಲ್ಲ. ಎರಡನ್ನು ಮಾತ್ರ ಹೊರತುಪಡಿಸಬೇಕು. ಸಂತೆಯಲ್ಲಿ, ಯಾತ್ರಾಸ್ಥಳಗಳಲ್ಲಿ ಹೆಸರಿಲ್ಲದ ಡಬ್ಬಿಗಳಲ್ಲಿ ಸಿಕ್ಕುವ ಕೆಲವು ಸುರ್ಮಾಗಳು ಸೀಸದ ಅದುರನ್ನೇ ಅರೆದ ಪುಡಿ; ಮಗುವಿನ ಕಣ್ಣಿಗಂತೂ ಅದು ಸರ್ವಥಾ ಕೂಡದು. ವಾರದಲ್ಲಿ ಬಿಳುಪು ತರುತ್ತೇವೆಂದು ಮಾರುವ ಕೆಲವು ಕ್ರೀಮುಗಳಲ್ಲಿ ಪಾದರಸವಿರುವುದು ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಅದು ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಇವೆರಡನ್ನು ರಾತ್ರಿ ತೊಳೆದರೂ ಪ್ರಯೋಜನವಿಲ್ಲ. ಕೊಳ್ಳದಿರುವುದೇ ತೊಳೆಯುವ ಉಪಾಯ.

ಇನ್ನು ತೆಗೆಯುವ ಬಗೆ. ಅರ್ಧರಾತ್ರಿಯಲ್ಲಿ ಸೋಪು ಹಾಕಿ ಎರಡು ಸಾರಿ ತಿಕ್ಕಿದರೆ ಕೆಲಸವಾಯಿತೆಂದು ತಿಳಿಯುವವರು ಹಲವರು. ಸೋಪು ಕ್ಷಾರ, ಚರ್ಮದ ಮೇಲ್ಮೈ ಸ್ವಲ್ಪ ಹುಳಿ. ಜರ್ಮನಿಯ ಶಾಡೆ ಮತ್ತು ಮಾರ್ಕಿಯೊನೀನಿ 1928ರಲ್ಲಿ ಈ ಹುಳಿಯ ಹೊದಿಕೆಗೆ ಹೆಸರಿಟ್ಟರು. ಕ್ಷಾರದಿಂದ ಅದನ್ನು ಪದೇ ಪದೇ ಕಿತ್ತರೆ ಚರ್ಮ ಬಿಗಿಯುತ್ತದೆ, ಸೀಳುತ್ತದೆ, ಕೆಂಪಾಗುತ್ತದೆ. ಅದಿರಲಿ, ನೀರಿಗೆ ಕರಗದ ಬಣ್ಣ ಸೋಪಿಗೂ ಸುಲಭವಾಗಿ ಜಗ್ಗುವುದಿಲ್ಲ. ಇಂಥ ಮಸ್ಕಾರಾ, ಲಿಪ್‌ಸ್ಟಿಕ್‌ಗಳಲ್ಲಿ ಬೇಗ ಆರಿಹೋಗುವ ಒಂದು ಎಣ್ಣೆ ಇರುತ್ತದೆ. ಅದು ಆರಿದ ಮೇಲೆ ಮೇಣ, ರಾಳಗಳ ತೆಳುಪರೆಯೊಂದು ಗಟ್ಟಿಯಾಗಿ ಕೂರುತ್ತದೆ. ನೀರು ಅದರ ಮೇಲೆ ಕೆಸುವಿನ ಎಲೆಯ ಮೇಲಿನಂತೆ ಜಾರಿಹೋಗುತ್ತದೆ. ಎಣ್ಣೆಯಿಂದ ಕಟ್ಟಿದ್ದನ್ನು ಬಿಡಿಸಲು ಎಣ್ಣೆಯೇ ಬೇಕು. ಎರಡನೆಯ ಶತಮಾನದಲ್ಲಿ ರೋಮಿನಲ್ಲಿದ್ದ ವೈದ್ಯ ಗ್ಯಾಲೆನನ ಹೆಸರಿನೊಡನೆ ಬಂದಿರುವ ಕೋಲ್ಡ್ ಕ್ರೀಮು ಜೇನುಮೇಣ, ಆಲಿವ್ ಎಣ್ಣೆ, ಗುಲಾಬಿ ನೀರುಗಳ ಮಿಶ್ರಣವಷ್ಟೆ. ಚೌಕಿಯ ತೆಂಗಿನೆಣ್ಣೆ ಮಾಡುವುದೂ ಅದೇ ಕೆಲಸ.

ಈಚೆಗೆ ಕೊರಿಯಾ ದೇಶದ ಕ್ರಮವೆಂದು ಎರಡು ಸೀಸೆಗಳನ್ನು ಜೊತೆಯಾಗಿ ಮಾರುತ್ತಾರೆ: ಮೊದಲು ಎಣ್ಣೆಯಿಂದ ತೊಳೆ, ಅನಂತರ ನೊರೆಯಿಂದ ತೊಳೆ. ದೀಪಾವಳಿಯ ಬೆಳಗ್ಗೆ ಅಜ್ಜಿಯ ಮುಂದೆ ಮಣೆಯ ಮೇಲೆ ಕುಳಿತವರಿಗೆ ಈ ಸೂತ್ರ ಹೊಸದೇನಲ್ಲ. ಮೊದಲು ಎಣ್ಣೆ ತಿಕ್ಕಿ, ಆಮೇಲೆ ಸೀಗೆಪುಡಿಯಿಂದಲೋ ಕಡಲೆಹಿಟ್ಟಿನಿಂದಲೋ ಆ ಎಣ್ಣೆಯನ್ನು ತೆಗೆಯುವುದು ಅಭ್ಯಂಜನದ ಪಾಠ. ಎರಡನೆಯ ಹಂತವನ್ನು ಬಿಡಬಾರದು. ತೆಂಗಿನೆಣ್ಣೆಯನ್ನು ಹಚ್ಚಿ ಹಾಗೆಯೇ ಮಲಗಿದರೆ ಮೊಡವೆಯ ಸ್ವಭಾವದವರಿಗೆ ಅದೇ ಹೊಸ ಬಿರಡೆಯಾದೀತು. ಅಂಥವರು ತೆಳುವಾದ ಖನಿಜ ಎಣ್ಣೆಯನ್ನೋ ವೈದ್ಯರು ಹೇಳಿದ ದ್ರವವನ್ನೋ ಬಳಸುವುದು ಲೇಸು. ಕಣ್ಣಿಗೆ ಎಣ್ಣೆ ತಾಕಿಸಿದ ಹತ್ತಿಯನ್ನು ಮುಚ್ಚಿದ ರೆಪ್ಪೆಯ ಮೇಲೆ ಅರ್ಧ ನಿಮಿಷ ಇಟ್ಟು, ಮೇಲಿಂದ ಕೆಳಕ್ಕೆ ಒಮ್ಮೆ ಸವರಿದರೆ ಸಾಕು. ತಿಕ್ಕುವುದರಿಂದ ರೆಪ್ಪೆಗೂದಲು ಉದುರುತ್ತದೆ, ಬಣ್ಣ ಕಣ್ಣೊಳಗೆ ಹೋಗುತ್ತದೆ. ಆಮೇಲೆ ಸೌಮ್ಯವಾದ ನೊರೆ, ಬೆಚ್ಚನೆಯ ನೀರು. ಪ್ರಯಾಣದಲ್ಲಿ ಒದ್ದೆ ಕಾಗದದ ಅರಿವೆಗಳಿಂದ ಒರಸಿಕೊಳ್ಳುವುದು ಏನೂ ಮಾಡದಿರುವುದಕ್ಕಿಂತ ಮೇಲೇ. ಆದರೆ ಅವು ಬಣ್ಣವನ್ನು ತೆಗೆಯುವುದಕ್ಕಿಂತ ಹರಡುವುದೇ ಹೆಚ್ಚು, ತಮ್ಮ ದ್ರವವನ್ನೂ ಮುಖದ ಮೇಲೆ ಬಿಟ್ಟುಹೋಗುತ್ತವೆ.

ಇಷ್ಟನ್ನೂ ತಿಳಿದವರೇ ತೊಳೆಯದೆ ಮಲಗುತ್ತಾರೆ. ತಿಳಿವಳಿಕೆಯ ಕೊರತೆ ಇಲ್ಲಿ ದೊಡ್ಡದಲ್ಲ. ಎಲ್ಲ ಪುಸ್ತಕಗಳೂ "ಮಲಗುವ ಮುನ್ನ ಮುಖ ತೊಳೆಯಿರಿ" ಎಂದು ಬರೆಯುತ್ತವೆ. ಮನೆಯೊಡತಿಗೆ ಮಲಗುವ ಮುನ್ನ ಎಂಬ ಹೊತ್ತು ಎಲ್ಲಿದೆ? ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಮಲಗುವವಳು ಅವಳು. ಅವಳ ದಿನದಲ್ಲಿ ಎಲ್ಲಕ್ಕಿಂತ ಕೊನೆಯ ಕೆಲಸ ಅವಳ ಮುಖ. ಹತ್ತು ಕೆಲಸ ಮುಗಿದ ಮೇಲೆ ಹನ್ನೊಂದನೆಯದಾಗಿ ಬರುವುದನ್ನು ಬಿಟ್ಟರೆ ಅದನ್ನು ಸೋಮಾರಿತನವೆನ್ನುವುದು ನ್ಯಾಯವಲ್ಲ. ತಪ್ಪು ಹೊತ್ತನ್ನು ಗೊತ್ತುಮಾಡಿದವರದು.

ಚೌಕಿಯಲ್ಲಿ ಬಣ್ಣ ಕಳಚುವುದು ನಿದ್ದೆಗೆ ಅಂಟಿಕೊಂಡ ಕೆಲಸವಲ್ಲ, ಆಟ ಮುಗಿದುದಕ್ಕೆ ಅಂಟಿಕೊಂಡ ಕೆಲಸ. ವೇಷ ಮುಗಿಯಿತು, ಬಣ್ಣ ಇಳಿಯಿತು. ಕನ್ನಡ ಮನೆಗಳಲ್ಲಿಯೂ ಈ ಹೊತ್ತಿಗೆ ಒಂದು ಸ್ಥಳ ಮೊದಲಿನಿಂದ ಇದ್ದೇ ಇದೆ. ಶಾಲೆಯಿಂದ ಬಂದ ಮಗುವಿಗೆ, ಆಫೀಸಿನಿಂದ ಬಂದ ಮಗನಿಗೆ, ಊರಿನಿಂದ ಬಂದ ನೆಂಟನಿಗೆ ಹಿರಿಯರು ಮೊದಲು ಹೇಳುವುದೇನು? "ಕೈಕಾಲು ಮುಖ ತೊಳ್ಕೊಂಡು ಬಾ." ಆಮೇಲೆ ಕಾಫಿ, ಆಮೇಲೆ ಮಾತು. ಆ ಮಾತನ್ನು ಸೊಸೆಗೆ ಹೇಳುವವರು ಕಡಮೆ. ಹೇಳಿದರೂ ಅವಳು ಮುಖಕ್ಕೆ ನೀರು ಹಾಕುವಷ್ಟರಲ್ಲಿ ಒಳಗಿನಿಂದ ಯಾರೋ ಕೂಗುತ್ತಾರೆ. ಆಫೀಸಿಗೆ ಹೋಗುವ ಹೆಂಗಸು ಸಂಜೆ ಏಳಕ್ಕೆ ಮನೆಗೆ ಬಂದೊಡನೆ ಬಣ್ಣ ತೆಗೆದರೆ ಚರ್ಮಕ್ಕೆ ರಾತ್ರಿ ಹನ್ನೊಂದರವರೆಗಿನ ನಾಲ್ಕು ಗಂಟೆ ಲಾಭ. ಒಲೆಯ ಮುಂದಿನ ಬೆವರು, ಒಗ್ಗರಣೆಯ ಹೊಗೆ ಬಣ್ಣದೊಡನೆ ಸೇರುವುದೂ ತಪ್ಪುತ್ತದೆ. ಛದ್ಮವೇಷದ ಸ್ಪರ್ಧೆಯಿಂದ ನೀಲಿ ಮುಖ ಹೊತ್ತು ಬಂದ ಪುಟ್ಟ ಕೃಷ್ಣನಿಗೂ ಇದೇ ನ್ಯಾಯ. ಬಹುಮಾನ ಬಂದ ಸಂತೋಷಕ್ಕೆ ಅವನನ್ನು ಹಾಗೆಯೇ ಅಕ್ಕಪಕ್ಕದ ಮನೆಗಳಿಗೆಲ್ಲ ಕರೆದೊಯ್ಯುವುದು ಬೇಡ. ಮಗುವಿನ ಚರ್ಮ ಇನ್ನೂ ತೆಳು. ಬಿಸಿಲಿನ ಕ್ರೀಮು ಹಚ್ಚಿ ಓಡಾಡುವ ಗಂಡಸರು ಬಣ್ಣ ಹಚ್ಚಿಲ್ಲವೆಂದು ಬೀಗಬೇಕಾಗಿಲ್ಲ. ಅದೂ ಎಣ್ಣೆಯ ಪದರವೇ.

ಮೇಲೆ ಹೇಳಿದ ಮನೆಯಲ್ಲಿ ಆ ಕೆಂಪುಗಣ್ಣಿಗೆ ನೇತ್ರವೈದ್ಯರು ಒಂದು ವಾರ ಹನಿ ಕೊಟ್ಟರು. ಅತ್ತೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಹಳೆಯ ಮಲ್ಲಿನ ಪಂಚೆಯೊಂದನ್ನು ಅಂಗೈ ಅಗಲದ ತುಂಡುಗಳಾಗಿ ಕತ್ತರಿಸಿ, ಒಗೆದು ಒಣಗಿಸಿ, ಒಂದು ಡಬ್ಬಿಗೆ ತುಂಬಿ ಬಚ್ಚಲಮನೆಯ ಗೂಡಿನಲ್ಲಿ ಇಟ್ಟರು. ಪಕ್ಕದಲ್ಲಿ ಎಣ್ಣೆಯ ಸಣ್ಣ ಸೀಸೆ.

ಮುಂದಿನ ಮದುವೆ ಬರಲು ಎರಡು ತಿಂಗಳು ಹಿಡಿಯಿತು. ಅಂದೂ ಮನೆ ಸೇರುವಾಗ ಹನ್ನೊಂದು ದಾಟಿತ್ತು. ಸೊಸೆ ಚಪ್ಪಲಿ ಬಿಟ್ಟು ಅಡಿಗೆಮನೆಯ ಕಡೆಗೆ ತಿರುಗುವಷ್ಟರಲ್ಲಿ ಅತ್ತೆ ಮಗನನ್ನು ಕರೆದರು.

"ಹಾಲು ನೀನು ಕಾಯಿಸೋ. ಅವಳು ಮೊದಲು ಬಚ್ಚಲಿಗೆ ಹೋಗಲಿ."

"ಹೆಪ್ಪು ಎಷ್ಟು ಹಾಕಬೇಕು?" ಎಂದು ಅವನು ಕೇಳಿದ್ದು ಬಚ್ಚಲಿನಲ್ಲಿ ನೀರಿನ ಸದ್ದಿಗೆ ಅವಳಿಗೆ ಕೇಳಿಸಲಿಲ್ಲ. ಮಗು ಇನ್ನೂ ಎಚ್ಚರವಾಗಿತ್ತು. ಅಮ್ಮನ ಮುಖದ ಮೇಲೆ ಕಪ್ಪು ಕೆಂಪು ಕಲಸಿದ್ದನ್ನು ಬಾಗಿಲ ಸಂದಿಯಿಂದ ನೋಡಿ ನಕ್ಕಿತು. ಹತ್ತು ನಿಮಿಷಗಳ ಮೇಲೆ ಅವಳು ಹೊರಗೆ ಬಂದಾಗ ಮುಖ ಹೊಳೆಯುತ್ತಿತ್ತು, ನಿದ್ದೆ ಹಾರಿತ್ತು. ಮರುದಿನ ಮೊಸರು ವಿಪರೀತ ಹುಳಿಯಾಗಿತ್ತು. ಯಾರೂ ಏನೂ ಅನ್ನದೆ ಅದರಲ್ಲಿ ಮಜ್ಜಿಗೆಹುಳಿ ಮಾಡಿಕೊಂಡು ಉಂಡರು.